ಮಗು ಹುಟ್ಟಿದ ಮೇಲಿನ ಒಂದು ತಾಸು

ಬಸುರಿ ಹೆಣ್ಣುಮಗಳು ಎದುರಿಗೆ ಕೂತರೆ ನಾನು ಮೊದಲು ಕೇಳುವುದು, "ತಂಗಿ, ನಿನ್ನ ರಕ್ತ ಎಷ್ಟೈತಿ?" ಅಂತ. ಕೂಸು ಹೇಗೆ ಮಲಗಿದೆ, ಡಾಕ್ಟರು ಯಾವ ತಾರೀಖು ಕೊಟ್ಟಿದ್ದಾರೆ, ಎಲ್ಲ ಅವಳಿಗೆ ಬಾಯಿಪಾಠ. ರಕ್ತದ ಮಾತು ಬಂದಾಗ ಮಾತ್ರ ಅತ್ತೆಯ ಮುಖ ನೋಡುತ್ತಾಳೆ. "ಚೆಕ್ ಮಾಡ್ಯಾರ್ರೀ ಅಕ್ಕಾರ, ಎಷ್ಟಂತ ಹೇಳಿಲ್ಲ." ಬಾಯಿಬಿಟ್ಟು ಹೇಳದಿದ್ದರೂ ಬರೆದಂತೂ ಇರುತ್ತಾರೆ. ತಾಯಿ ಕಾರ್ಡ್ ತೆಗೆಸಿ, ಎಚ್‌ಬಿ (ಹಿಮೋಗ್ಲೋಬಿನ್) ಎಂದಿರುವ ಕಡೆ ಅವಳ ಬೆರಳನ್ನೇ ಇಡಿಸುತ್ತೇನೆ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಅದು ಮನೆಯಲ್ಲಿ ಕೂರುವ ಮಾತಲ್ಲ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಸಾಲದು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಬಸುರಿಯ ಆರೈಕೆ ಎಂದರೆ ಜನ ಬಯಕೆ, ಕುಬುಸ, ಸ್ಕ್ಯಾನಿಂಗ್ ಎಂದುಕೊಳ್ಳುತ್ತಾರೆ. ನನಗೆ ಕಾಣುವುದು ಕೂಸು ಹೊರಬಂದ ಮೇಲಿನ ಮೊದಲ ತಾಸು. ಮನೆಯವರೆಲ್ಲ "ಗಂಡೋ ಹೆಣ್ಣೋ" ಎಂದು ಕೂಸಿನ ಹಿಂದೆ ಹೋಗುವ ಆ ಹೊತ್ತಿನಲ್ಲೇ ತಾಯಿಯ ಜೀವಕ್ಕೆ ಅತಿ ಹೆಚ್ಚಿನ ಅಪಾಯ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕೂಸು ಹುಟ್ಟಿ ಮಾಸು ಕಳಚಿಕೊಂಡಾಗ ಅದು ಅಂಟಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆಯುತ್ತವೆ. ಗರ್ಭಕೋಶದ ಸ್ನಾಯುಗಳು ಬಿಗಿದುಕೊಂಡು ಆ ನಾಳಗಳನ್ನು ಹಿಂಡಿ ಮುಚ್ಚಬೇಕು. ಸ್ನಾಯು ಸಡಿಲಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಅರ್ಧ ಲೀಟರು ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತೇವೆ. ಎಚ್‌ಬಿ 12 ಇರುವವಳು ಅಷ್ಟನ್ನು ಹೇಗೋ ತಾಳಿಕೊಂಡಾಳು, 7 ಇರುವವಳು ಅದಕ್ಕಿಂತ ಕಡಿಮೆ ಹೋದರೂ ಕುಸಿಯುತ್ತಾಳೆ. ಬಸುರಿನಲ್ಲಿ ನುಂಗಿದ ಕಬ್ಬಿಣದ ಗುಳಿಗೆಯ ಲೆಕ್ಕ ಇತ್ಯರ್ಥವಾಗುವುದು ಆ ಒಂದು ತಾಸಿನಲ್ಲಿ.

ಎಷ್ಟು ರಕ್ತ ಹೋಯಿತು ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಬಟ್ಟೆ, ಹಾಸಿಗೆ, ನೆಲ ಕುಡಿದದ್ದು ಲೆಕ್ಕಕ್ಕೇ ಸಿಗದು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಕೆಲಸ ನಡೆಯಿತು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹಳ್ಳಿಗಳ 1,620 ತಾಯಂದಿರ ಮೇಲೆ ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ನಮ್ಮಂಥ ನರ್ಸುಗಳೇ. ಕೂಸು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಅದರ ತುದಿಗೆ ಗೆರೆ ಹಾಕಿದ ಚೀಲ, ರಕ್ತವೆಲ್ಲ ಅದರೊಳಗೆ ಇಳಿಯುತ್ತದೆ, ಗೆರೆ ನೋಡಿದರೆ ಅಳತೆ ಗೊತ್ತಾಗುತ್ತದೆ. ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟರು. ಔಷಧಿಯಿಲ್ಲದ ಗುಳಿಗೆ ಪಡೆದವರಲ್ಲಿ ಅತಿಸ್ರಾವ ನೂರಕ್ಕೆ 12 ಇದ್ದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ 6.4 ಇತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆಗ ನಾನು ಅದೇ ಜಿಲ್ಲೆಯ ಉಪಕೇಂದ್ರದಲ್ಲಿದ್ದೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಂದ ಜಗತ್ತು ಕಲಿತ ಪಾಠವಿದು ಎಂದು ಈಗಲೂ ಹೆಮ್ಮೆಪಡುತ್ತೇನೆ.

ಈಗ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಆಕ್ಸಿಟೋಸಿನ್ ಚುಚ್ಚುತ್ತಾರೆ. ಮಾಸು ಬಂದ ಮೇಲೆ ಅದನ್ನು ಟ್ರೇಯಲ್ಲಿ ಹರಡಿ, ಹೊಕ್ಕಳುಬಳ್ಳಿಯ ಬದಿ, ತಾಯಿಯ ಬದಿ ಎರಡನ್ನೂ ಮಗುಚಿ ನೋಡಬೇಕು. ಒಂದು ಚೂರು ಒಳಗೆ ಉಳಿದರೂ ಗರ್ಭಕೋಶ ಬಿಗಿಯುವುದಿಲ್ಲ. ಆಮೇಲೆ ಹೊಕ್ಕಳ ಕೆಳಗೆ ಕೈಯಿಟ್ಟು ನೋಡಿದರೆ ಸುಲಿದ ತೆಂಗಿನಕಾಯಿಯ ಹಾಗೆ ಗಟ್ಟಿ ಹತ್ತಬೇಕು. ಮೆತ್ತಗಿದ್ದರೆ ಅಂಗೈಯಿಂದ ತಿಕ್ಕಿ ಗಟ್ಟಿಮಾಡುತ್ತೇವೆ, ಡಾಕ್ಟರನ್ನು ಕರೆಯುತ್ತೇವೆ. ತಾಯಿ ಮಾಡಬಹುದಾದದ್ದೂ ಇದೆ: ಮೂತ್ರ ಕಟ್ಟಿಕೊಳ್ಳಬಾರದು, ಒಂದು ತಾಸಿನೊಳಗೆ ಕೂಸಿಗೆ ಮೊಲೆ ಕೊಡಬೇಕು. ಕೂಸು ಚೀಪಿದರೆ ಮೈಯಲ್ಲೇ ಆಕ್ಸಿಟೋಸಿನ್ ಹುಟ್ಟಿ ಗರ್ಭಕೋಶ ಬಿಗಿಯುತ್ತದೆ.

ಅದೇ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಬೇನೆ ಜೋರಾಗಲಿ ಎಂದು ಹೆರಿಗೆಗೆ ಮುಂಚೆ ಮನೆಯಲ್ಲಿ ಮಾಡಿಸಿಕೊಳ್ಳುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗರ್ಭಕೋಶ ಹರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು. ಹೊಟ್ಟೆ ಒತ್ತಿ ಕೂಸು ದೂಡುವುದೂ ಬೇಡ.

ಇನ್ನು ಕಬ್ಬಿಣದ ಗುಳಿಗೆ. ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ ಕಡಿಮೆಯೆಂದರೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಸರ್ಕಾರ ಪುಕ್ಕಟೆ ಕೊಡುತ್ತದೆ. ಮನೆಭೇಟಿಗೆ ಹೋದಾಗ ನಾನು ಕೊಟ್ಟ ಗುಳಿಗೆಯ ಪಟ್ಟಿಗಳು ಎಷ್ಟೋ ಸಲ ಒಡೆಯದೆ ಹಾಗೇ ಮಾಡದ ಮೇಲೆ ಕೂತಿರುತ್ತಿದ್ದವು. "ಹೊಟ್ಟಿ ತೊಳಸತೈತ್ರೀ." "ಕೂಸು ಕರ್ರಗ ಹುಟ್ಟತೈತಂತ ನಮ್ಮತ್ತಿ ಅಂದ್ರು." ಅವಳನ್ನು ಬೈದರೆ ಪ್ರಯೋಜನವಿಲ್ಲ, ಅತ್ತೆಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. "ಅವ್ವಾ, ಕೂಸಿನ ಬಣ್ಣ ಅವ್ವ ಅಪ್ಪನಿಂದ ಬರತೈತಿ, ಗುಳಿಗ್ಯಾಗಿಂದಲ್ಲ. ಕಪ್ಪಗಾಗೋದು ಸಂಡಾಸ ಅಷ್ಟ, ಅದಕ್ಕ ಅಂಜಬ್ಯಾಡ್ರಿ." ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ಮಲಗುವಾಗ ನುಂಗಿದರಾಯಿತು. ಚಹಾದ ಜೊತೆ ಮಾತ್ರ ಬೇಡ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಪಲ್ಯಕ್ಕೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಸೊಪ್ಪು, ಕಾಳು ಬೇಕು, ಆದರೆ ಬಸುರಿಯ ಮೈಗೆ ಅಷ್ಟೇ ಸಾಲದು. ಗುಳಿಗೆಯಿಂದ ಎಚ್‌ಬಿ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಇಂಜೆಕ್ಷನ್ ಇದೆ, ಕೇಳಿ ಪಡೆಯಿರಿ.

ರಕ್ತಹೀನತೆಯಷ್ಟೇ ಕಳ್ಳತನದಿಂದ ಬರುವುದು ಬಿಪಿ. 140/90 ಮುಟ್ಟಿದರೆ ಎಚ್ಚರ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು, ಮುಖ ಬಾತುಕೊಳ್ಳುವುದು ಕಂಡರೆ ಆ ರಾತ್ರಿಯೇ ಹೊರಡಿ. ನಾಳೆಗೆಂದು ಕಾದರೆ ಫಿಟ್ಸ್ ಬರಬಹುದು. ಕೂಸಿನ ಮಿಸುಕಾಟ ಕಡಿಮೆಯಾದರೂ, ನೀರು ಹೋದರೂ, ರಕ್ತ ಕಂಡರೂ ಹಾಗೆಯೇ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ರೂಢಿ. ಕುಬುಸ ಮುಗಿಸಿ, ಹಸಿರು ಸೀರೆಯುಟ್ಟು ಹುಡುಗಿ ತವರಿಗೆ ಹೋಗುತ್ತಾಳೆ, ತಾಯಿ ಕಾರ್ಡ್ ಗಂಡನ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ! ಇಲ್ಲಿಯ ನರ್ಸಿಗೆ ಅವಳು ಹೋದದ್ದು ಗೊತ್ತಿಲ್ಲ, ಅಲ್ಲಿಯ ನರ್ಸಿಗೆ ಬಂದದ್ದು ಗೊತ್ತಿಲ್ಲ. ಎಚ್‌ಬಿ, ಬಿಪಿ ಎರಡೂ ಕೆಡುವ ಕೊನೆಯ ಎರಡು ತಿಂಗಳೇ ಯಾರ ಲೆಕ್ಕಕ್ಕೂ ಬಾರದೆ ಕಳೆಯುತ್ತವೆ. ಹೊರಡುವ ಮುನ್ನ ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಕಾರ್ಡು ಚೀಲದಲ್ಲಿಟ್ಟುಕೊಳ್ಳಿ, ತವರಿಗೆ ಹೋದ ವಾರದೊಳಗೆ ಅಲ್ಲಿಯ ಆಶಾಗೆ ತೋರಿಸಿ. ತಿಂಗಳ 9ನೇ ತಾರೀಖು ಯಾವ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದರೂ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. ನಿಮ್ಮ ರಕ್ತದ ಗುಂಪು ಯಾವುದು, ಅಗತ್ಯ ಬಿದ್ದರೆ ರಕ್ತ ಕೊಡುವ ಇಬ್ಬರು ಯಾರು, 108 ತಡವಾದರೆ ಯಾರ ಗಾಡಿ, ಇವೆಲ್ಲ ಎಂಟನೇ ತಿಂಗಳೊಳಗೆ ಮನೆಯಲ್ಲಿ ಮಾತಾಗಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ ಎಲ್ಲಕ್ಕೂ 2011ರಿಂದ ದುಡ್ಡಿಲ್ಲ. ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ ಇದೆ.

ಎರಡು ದಿನ ಆಸ್ಪತ್ರೆಯಲ್ಲೇ ಇರಿ, ಬೇಗ ಬಿಡಿಸಿಕೊಂಡು ಬರಬೇಡಿ. ಮನೆಗೆ ಬಂದ ಮೇಲೆ ಅಂಟಿನ ಉಂಡಿ, ಅಳ್ವಿ ಪಾಯಸ ಧಾರಾಳವಾಗಿ ತಿನ್ನಿಸಿ. ಆದರೆ ಬಾಣಂತಿಗೆ ನೀರು ಕೊಡಬಾರದು ಎಂಬ ಮಾತನ್ನು ಬಿಡಿ, ಹಾಲೂಡಿಸುವವಳಿಗೆ ನೀರಡಿಕೆ ಹೆಚ್ಚು. ಒಂದು ತಾಸಿನೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಗಡ್ಡೆಗಡ್ಡೆ ರಕ್ತ ಹೋದರೆ, ಜ್ವರ ಬಂದರೆ, ಸ್ರಾವ ನಾತ ಹೊಡೆದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ "ಬಾಣಂತನ ಅಂದ್ರ ಹಿಂಗ" ಅಂತ ಸುಮ್ಮನಿರದೆ 108ಕ್ಕೆ ಫೋನ್ ಮಾಡಿ. ಬರುವವರ ಕೈಗೆ ತಾಯಿ ಕಾರ್ಡ್ ಕೊಟ್ಟು, ಹೆರಿಗೆ ಯಾವತ್ತಾಯಿತು, ಕಡೆಯ ಎಚ್‌ಬಿ ಎಷ್ಟಿತ್ತು ಎಂಬುದನ್ನು ಮೊದಲು ಹೇಳಿ.