ಹಲ್ಲಿಗೆ ತಂತಿ ಹಾಕಿಸುವ ಮುನ್ನ

ಮಗಳ ಹಲ್ಲು ಉಬ್ಬಿದೆ ಎಂದು ನೆಂಟರು ಆಡಿಕೊಂಡಾಗ ನಿಮ್ಮ ಕರುಳು ಚುರ್ ಎನ್ನುತ್ತದಲ್ಲವೆ? "ಮದುವೆ ಹೊತ್ತಿಗೆ ನೋಡಿದರಾಯ್ತು ಬಿಡೆ" ಎನ್ನುತ್ತಾರೆ ಅತ್ತೆ. ಹಾಗೆ ಕಾಯಬೇಡಿ. 7 ವರ್ಷದ ಸುಮಾರಿಗೆ ಒಮ್ಮೆ ವಕ್ರದಂತ ತಜ್ಞರಿಗೆ, ಅಂದರೆ ಆರ್ಥೋಡಾಂಟಿಸ್ಟರಿಗೆ ತೋರಿಸಿ. ಆಗಲೇ ತಂತಿ ಹಾಕಿಸಬೇಕೆಂದಲ್ಲ; ದವಡೆಯಲ್ಲಿ ದೋಷವಿದ್ದರೆ ಬೆಳೆಯುವ ವಯಸ್ಸಿನಲ್ಲಿ ತಿದ್ದುವುದು ಸುಲಭ. ನಿಮಗೇ ಬೇಕಿದ್ದರೂ ಸಂಕೋಚ ಬೇಡ. ಒಸಡು, ಮೂಳೆ ಆರೋಗ್ಯವಾಗಿದ್ದರೆ 40ರಲ್ಲೂ ಹಲ್ಲು ಸರಿಯುತ್ತದೆ.

ಈಗ ಬಗೆಗಳು ಹಲವು. ಉಕ್ಕಿನ ತಂತಿ ಎದ್ದು ಕಾಣುತ್ತದೆ. ಆದರೆ ಖರ್ಚು ಕಡಿಮೆ, ಹೆಚ್ಚು ವಕ್ರವಾದ ಹಲ್ಲಿಗೂ ಆದೀತು. ಹಲ್ಲಿನ ಬಣ್ಣದ ಸೆರಾಮಿಕ್ ಅಷ್ಟಾಗಿ ಕಾಣದು, ಬೆಲೆ ಜಾಸ್ತಿ. ತೆಗೆದು ಹಾಕಬಹುದಾದ ಪಾರದರ್ಶಕ ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ತೆಗೆದಿಟ್ಟು ಮರೆಯುವ ಮಕ್ಕಳಿಗೆ ಅದು ದಂಡ. ನೋಟಕ್ಕೆ ಮರುಳಾಗದೆ, ಯಾವುದು ನಮ್ಮ ಮಗುವಿಗೆ ಹೊಂದುತ್ತದೆಂದು ವೈದ್ಯರನ್ನೇ ಕೇಳಿ.

ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ತಂತಿಯಿರುವಷ್ಟು ದಿನ ಚಕ್ಕುಲಿ, ಕಡಲೆ ಚಿಕ್ಕಿ, ಕಬ್ಬು ದೂರವಿಡಿ. ಊಟವಾದ ಮೇಲೆ ತಪ್ಪದೆ ಹಲ್ಲುಜ್ಜಿಸಿ. ಇಲ್ಲವಾದರೆ ತಂತಿಯ ಸುತ್ತ ಹುಳುಕು ಹಿಡಿದೀತು.

ಬಹಳ ಮಂದಿ ಎಡವುವುದು ಕೊನೆಯಲ್ಲಿ. ತಂತಿ ಬಿಚ್ಚಿದೊಡನೆ ಮುಗೀತು ಅಂದ್ಕೊಂಡ್ರೆ ಪಟ್ಟ ಪಾಡೆಲ್ಲ ನೀರುಪಾಲು! ಹಲ್ಲು ಹಳೆಯ ಜಾಗಕ್ಕೇ ಜಾರಲು ನೋಡುತ್ತದೆ. ಅದನ್ನು ತಡೆಯುವುದು ರಿಟೇನರ್. ವೈದ್ಯರು ಹೇಳಿದಷ್ಟು ಕಾಲ, ಅದು ವರ್ಷಗಟ್ಟಲೆಯಾದರೂ, ಹಾಕಿಸಲೇಬೇಕು.

ಆದ್ದರಿಂದ ಮೊದಲ ದಿನವೇ ಕೇಳಿ: ಈ ವಿಭಾಗದಲ್ಲೇ ಎಂ.ಡಿ.ಎಸ್. ಓದಿದ್ದೀರಾ? ಹಲ್ಲು ಕೀಳಿಸಬೇಕೆ? ಒಟ್ಟು ಖರ್ಚಿನಲ್ಲಿ ರಿಟೇನರ್ ಸೇರಿದೆಯೆ? ಹಣದ ಅಡಚಣೆಯಿದ್ದರೆ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ.