ಆಲೂರಿನ ಡಿಜೆ ಬೇರೆ, ಬೆಂಗಳೂರಿನ ಡಿಜೆ ಬೇರೆ!

ಆಲೂರು: ‘ಶನಿವಾರ ಡಿಜೆ ನೈಟ್ ಐತವ್ವಾ’ ಅಂತ ಬೆಂಗಳೂರಿನಿಂದ ಮಗ ಫೋನ್ ಮಾಡಿದರೆ, ‘ಯಾರ ಮದುವಿಯೋ?’ ಅಂತ ಕೇಳುವ ತಾಯಂದಿರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಅವರದ್ದೇನೂ ತಪ್ಪಿಲ್ಲ. ಆಲೂರು, ಹೊಳಗುಂದ, ಆದೋನಿ ಕಡೆ ಡಿಜೆ ಅಂದ್ರೆ ಮನುಷ್ಯ ಅಲ್ಲ, ವಾಹನ! ಅದರ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಬಣ್ಣದ ಲೈಟು, ಹಿಂದೆ ಜನರೇಟರ್. ಮದುವೆ ಮೆರವಣಿಗೆ, ಗಣೇಶ ವಿಸರ್ಜನೆ ಅಂದ್ರೆ ಅದು ಬರಲೇಬೇಕು.

ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿನವರಿಗೆ ಹೊಸದಲ್ಲ. 1953ರ ಅ.1ರಂದು ಆಂಧ್ರಕ್ಕೆ ಸೇರುವವರೆಗೆ ಆಲೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಹೀಗಾಗಿ ಮನೆಮಾತು ಕನ್ನಡದವರಿಗೆ ಬೆಂಗಳೂರು ಪರಸ್ಥಳ ಅನಿಸುವುದಿಲ್ಲ. ಆದರೆ ಅಲ್ಲಿನ ಶನಿವಾರ ರಾತ್ರಿಯ ಲೆಕ್ಕವೇ ಬೇರೆ.

ಅಲ್ಲಿ ಡಿಜೆ ಎಂದರೆ ಡಿಸ್ಕ್ ಜಾಕಿ. ಎರಡು ಪ್ಲೇಯರ್, ನಡುವೆ ಮಿಕ್ಸರ್, ಒಂದು ಕಿವಿಗೆ ಹೆಡ್‌ಫೋನ್. ಜನರಿಗೆ ಒಂದು ಹಾಡು ಕೇಳುತ್ತಿರುವಾಗಲೇ ಮುಂದಿನ ಹಾಡಿನ ತಾಳವನ್ನು ತಾನೊಬ್ಬನೇ ಕೇಳಿ, ವೇಗ ಸರಿಹೊಂದಿಸಿ, ಒಂದರೊಳಗೊಂದು ಬೆಸೆಯುತ್ತಾನೆ. ನಡುವೆ ತಾಳ ನಿಲ್ಲಬಾರದು. ‘ಹೌಸ್’ ಎಂಬ ಬಗೆಯಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 120ರಿಂದ 130 ಪೆಟ್ಟು. ಮೊದಲು ಊರಿನ ಡಿಜೆ ನಿಧಾನಗತಿಯಲ್ಲಿ ಶುರು ಮಾಡಿ ಕಾಲಿಗೆ ಕಾವು ಕೊಡುತ್ತಾನೆ. ಅತಿಥಿ ಡಿಜೆಯ ಹೆಸರಾಂತ ಹಾಡುಗಳನ್ನು ಅವನು ಮುಟ್ಟುವಂತಿಲ್ಲ, ಅದು ಕಸುಬಿನ ಮರ್ಯಾದೆ. ಏಕಾದಶಿ ಭಜನೆಗೆ ಕೂತು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ತಾಳ ಮೆಲ್ಲಗೆ ಹೊರಟು ಕೊನೆಗೆ ಓಡುತ್ತದೆ!

ಹೊರದೇಶದ ಡಿಜೆಗಳನ್ನು ಇಲ್ಲಿನ ಕ್ಲಬ್‌ಗಳಿಗೆ ಕರೆತಂದವರಲ್ಲಿ ಮುಖ್ಯ ಹೆಸರು ಕನ್ನಡನಾಡಿನದ್ದೇ. ಬೆಂಗಳೂರಿನಲ್ಲಿ ವಾಸ್ತುಶಿಲ್ಪ ಓದಿ ಎಂಟಿವಿ ನಿರೂಪಕರಾಗಿ ಮನೆಮಾತಾದ ನಿಖಿಲ್ ಚಿನ್ನಪ್ಪ, ‘ಸಬ್‌ಮರ್ಜ್’ ಹೆಸರಿನಲ್ಲಿ ಇಂಥ ಕ್ಲಬ್ ರಾತ್ರಿಗಳನ್ನು ನಡೆಸಿದರು. 2007ರಲ್ಲಿ ಗೋವಾದಲ್ಲಿ ಆರಂಭವಾದ ‘ಸನ್‌ಬರ್ನ್’ ಉತ್ಸವದ ಹಿಂದೆಯೂ ಅವರಿದ್ದರು.

ಇದೆಲ್ಲ ವಿದೇಶಿ ಸಂಗೀತ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಸಂಗತಿ. 1982ರಲ್ಲಿ ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಎಲೆಕ್ಟ್ರಾನಿಕ್ ಯಂತ್ರಗಳಲ್ಲೇ ಭೈರವ್, ಮಾಲ್‌ಕೌಂಸ್, ಯಮನ್ ಸೇರಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಧ್ವನಿಮುದ್ರಿಕೆ ತಂದರು. ಆಗ ಯಾರೂ ಕೇಳಲಿಲ್ಲ. ಅಮೆರಿಕದ ಶಿಕಾಗೊದಲ್ಲಿ ಅದೇ ಯಂತ್ರದಿಂದ ಅಂಥದ್ದೇ ನಾದ ಹೊರಟು ‘ಆಸಿಡ್ ಹೌಸ್’ ಎಂದು ಹೆಸರಾದದ್ದು ಐದಾರು ವರ್ಷದ ಮೇಲೆ. 2010ರಲ್ಲಿ ಮುದ್ರಿಕೆ ಮತ್ತೆ ಬಂದಾಗ ಯೂರೋಪಿನವರು ಬೆರಗಾದರು. ಸಿಂಗ್ 2015ರಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲಿ ತಾಳಕ್ಕಿಂತ ಕಾನೂನಿನ ಕಾಟವೇ ಹೆಚ್ಚು. ಡಿಸ್ಕೊಥೆಕ್, ಲೈವ್ ಬ್ಯಾಂಡ್‌ಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಎಂಬ ಆದೇಶ ಬಂದದ್ದು 2005ರಲ್ಲಿ. ಲೈಸೆನ್ಸ್ ಇಲ್ಲದ ಕಡೆ ಡಿಜೆ ಇದ್ದಾನೆ, ಹಾಡಿದೆ, ಆದರೆ ಗಿರಾಕಿ ಕುಣಿಯುವಂತಿಲ್ಲ! ಊಟಕ್ಕೆ ಕೂರಿಸಿ ಕೈ ಕಟ್ಟಿದ ಹಾಗೆ. ಆಗೆಲ್ಲ ರಾತ್ರಿ 11.30ಕ್ಕೆ ಬಾಗಿಲು ಬಂದ್ ಆಗುತ್ತಿತ್ತು. ವಾರಾಂತ್ಯಕ್ಕೆ 1 ಗಂಟೆವರೆಗೆ ಅವಕಾಶ ಸಿಕ್ಕಿದ್ದು 2014ರಲ್ಲಿ. 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು.

ಊರಿಂದ ಹೋದ ಹುಡುಗರಿಗೆ ಪೆಟ್ಟು ಬೀಳುವುದು ಬಾಗಿಲಲ್ಲೇ. ಚಪ್ಪಲಿ ಹಾಕಿದವರನ್ನು ಹಲವು ಕ್ಲಬ್‌ಗಳು ಒಳಗೆ ಬಿಡುವುದಿಲ್ಲ. ನಾಲ್ಕು ಹುಡುಗರೇ ಹೋದರೆ ‘ಸ್ಟ್ಯಾಗ್’ ಎಂದು ವಾಪಸ್ ಕಳಿಸುವುದೂ ಉಂಟು. ಬಿಟ್ಟರೂ ‘ಕವರ್ ಚಾರ್ಜ್’ ಎಂದು ಮೊದಲೇ ದುಡ್ಡು. ದೊಡ್ಡ ಹೆಸರಿನ ಅತಿಥಿ ಬಂದ ದಿನ ಅದು ಇನ್ನೂ ಏರುತ್ತದೆ. 1 ಗಂಟೆಗೆ ಹೊರಬಂದರೆ ಮೆಟ್ರೊ ಇಲ್ಲ, ಆಟೊದವರು ಹೇಳಿದ್ದೇ ರೇಟು. ಹೊರಡುವಾಗಲೇ ವಾಪಸ್ ದಾರಿಯ ದುಡ್ಡು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳುವುದು ವಾಸಿ. ಹೆಣ್ಣುಮಕ್ಕಳ ಮನೆಯವರ ಚಿಂತೆಯೂ ಹಾಡಿನದ್ದಲ್ಲ, ಆ ದಾರಿಯದ್ದೇ.

ಇನ್ನು ಕಿವಿಯ ವಿಷಯ. ಇಲ್ಲಿ ಆಲೂರು, ಬೆಂಗಳೂರು ಎಂಬ ಭೇದವಿಲ್ಲ. 85 ಡೆಸಿಬಲ್ ಸದ್ದನ್ನು ಕಿವಿ 8 ಗಂಟೆ ತಾಳಬಹುದು ಎಂಬುದು ತಜ್ಞರ ಅಂದಾಜು. ಸದ್ದು ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ ಬರೀ 15 ನಿಮಿಷ! ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಾರನೇ ದಿನ ಕಿವಿ ‘ಗುಂಯ್’ ಎನ್ನುತ್ತಿದ್ದರೆ ಅದು ಎಚ್ಚರಿಕೆ. ಕ್ಲಬ್‌ಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಕಿವಿಗೆ ಬಿರಡೆ ಕೊಡಬೇಕು, ಸದ್ದಿಲ್ಲದ ಕೋಣೆಯೊಂದು ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ಕ್ಲಬ್‌ನಲ್ಲಿ ಗೋಡೆಯಾದರೂ ಇದೆ, ಬೇಡವಾದವರು ಹೋಗದಿದ್ದರಾಯಿತು. ಮೆರವಣಿಗೆ ಡಿಜೆ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಒಳಗೆ ಹಸುಗೂಸು, ಬಾಣಂತಿ, ಎದೆಬೇನೆಯ ಹಿರಿಯರು ಇರುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದಲೇ ಇದೆ. ಹಬ್ಬಕ್ಕೆಂದು ರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ.