ಕೋಲಿಗೆ ಎಣ್ಣೆ ಹಿಡಿಸುವ ಕೆಲಸ

ಬಿದಿರಿನ ಹೊರಮೈ ಎಣ್ಣೆ ಕುಡಿಯುವುದಿಲ್ಲ. ಎಷ್ಟು ತಿಕ್ಕಿದರೂ ಮೇಲೆ ಮಿರುಗುತ್ತದೆ, ಕೈಗೆ ಜಿಡ್ಡು ಹತ್ತುತ್ತದೆ, ಅಷ್ಟೆ. ಆ ಸಿಪ್ಪೆಯಲ್ಲಿರುವ ಮೇಣ ಮತ್ತು ಸಿಲಿಕ ನೀರನ್ನೂ ಎಣ್ಣೆಯನ್ನೂ ಹೊರಗೇ ನಿಲ್ಲಿಸುತ್ತವೆ. ಎಣ್ಣೆ ಒಳಗಿಳಿಯುವುದು ಕೊಯ್ದ ತುದಿಗಳಿಂದ, ಕೆತ್ತಿ ನಯ ಮಾಡಿದ ಗಿಣ್ಣುಗಳಿಂದ. ಕೋಲಿನ ವರಸೆಯಾದ ಸಿಲಂಬಂ ಕಲಿಯಲು ಬರುವ ಮಕ್ಕಳಿಗೆ ಕೋಲು ತಿರುಗಿಸುವುದನ್ನು ಹೇಳಿಕೊಡುವ ಮೊದಲೇ ಇದನ್ನು ಹೇಳಿಕೊಡಬೇಕು. ಕೋಲಿನ ಆರೈಕೆ ಅಲಂಕಾರದ ವಿಷಯವಲ್ಲ. ಎದುರಿಗೆ ನಿಂತವನ ಕಣ್ಣು ಉಳಿಯುವುದೂ ಹೋಗುವುದೂ ಅದರ ಮೇಲೆ ನಿಂತಿರುತ್ತದೆ.

ಬಂಗಾರಪೇಟೆ, ಕೆಜಿಎಫ್ ಸೀಮೆಗೆ ಈ ಆಟ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲೆಸಿದವು. ಬೌರಿಂಗ್ ಸಾಹೇಬರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆ ಆ ಗಣಿಗಳಿಗೆ ರೈಲಿನ ಬಾಗಿಲಾಯಿತು. ಬಂದವರ ಜೊತೆ ಅವರ ದೇವರು, ಜಾತ್ರೆ, ಆಟಗಳೂ ಬಂದವು. ಮೊದಮೊದಲ ಕೂಲಿ ಲೈನುಗಳ ಗೋಡೆಗಳೇ ಬಿದಿರಿನ ತಟ್ಟಿ. ಬಿದಿರನ್ನು ಸೀಳುವುದು, ಹೆಣೆಯುವುದು, ಬೆಂಕಿಗೆ ಹಿಡಿದು ಬಗ್ಗಿಸುವುದು ಗೊತ್ತಿದ್ದ ಕೈಗಳಿಗೆ ಕೋಲು ಮಾಡಿಕೊಳ್ಳುವುದು ಕಷ್ಟವಾಗಿರಲಿಕ್ಕಿಲ್ಲ. ಸುತ್ತಲಿನ ಹಳ್ಳಿಗಳಿಗೂ ಕೋಲಿನ ಆಟ ಅಪರಿಚಿತವಲ್ಲ. ಕನ್ನಡದವರ ದೊಣ್ಣೆವರಸೆ, ತೆಲುಗರ ಕರ್ರಸಾಮು, ತಮಿಳರ ಸಿಲಂಬಂ ಮೂರೂ ಒಂದೇ ಬಯಲಿನಲ್ಲಿ ಅಕ್ಕಪಕ್ಕ ಬೆಳೆದ ವಿದ್ಯೆಗಳು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಮನೆಗೊಬ್ಬರಂತೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಕೋಲು ಮಾತ್ರ ಮನೆಯಲ್ಲೇ ಉಳಿಯಿತು.

ಒಳ್ಳೆಯ ಕೋಲು ಮೆಳೆಯಲ್ಲೇ ತೀರ್ಮಾನವಾಗುತ್ತದೆ. ಹೆಬ್ಬಿದಿರು ದಪ್ಪವಾದರೂ ಒಳಗೆ ಪೊಳ್ಳು. ಏಣಿಗೆ, ಚಪ್ಪರಕ್ಕೆ ಸರಿ. ಕೋಲಿಗೆ ಬೇಕಾದದ್ದು ಒಣ ಗುಡ್ಡಗಳಲ್ಲಿ ಬೆಳೆಯುವ ಕಿರುಬಿದಿರು. ಪೊಲೀಸರ ಲಾಠಿಗೂ ಅದೇ. ಮಳೆ ಕಡಿಮೆಯಿದ್ದಷ್ಟೂ ಅದರ ಒಳಗಿನ ಟೊಳ್ಳು ಕಿರಿದಾಗುತ್ತದೆ, ಕೆಲವು ಗಳಗಳು ಪೂರ್ತಿ ಗಟ್ಟಿಯೇ ಇರುತ್ತವೆ. ಎಳೆಯದು ಒಣಗಿದಾಗ ಸುಕ್ಕಾಗಿ ಸೀಳುತ್ತದೆ. ಮೂರು ವರ್ಷ ತುಂಬಿದ್ದನ್ನು ಮಳೆಗಾಲ ಮುಗಿದ ಮೇಲೆ, ಹೊಸ ಕಳಲೆಯ ಬೆಳವಣಿಗೆ ನಿಂತಾಗ ಕಡಿಯಬೇಕು. ಆಗ ಗಳದಲ್ಲಿ ಪಿಷ್ಟ ಕಡಿಮೆ. ಬಿದಿರನ್ನು ಕೊರೆದು ಹಿಟ್ಟು ಉದುರಿಸುವ ಹುಳಕ್ಕೆ ಬೇಕಾದದ್ದು ಆ ಪಿಷ್ಟವೇ. ಕಡಿದ ಗಳವನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದದ್ದೂ ಕರಗಿ ಹೋಗುತ್ತದೆ. ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಅವಸರಕ್ಕೆ ಬಿಸಿಲಿಗಿಟ್ಟ ಗಳ ಉದ್ದಕ್ಕೂ ಬಿರಿಯುತ್ತದೆ.

ಹುಬ್ಬಿನ ಮಟ್ಟಕ್ಕೋ ಹಣೆಯ ಮಟ್ಟಕ್ಕೋ ಅಳೆದು ಕತ್ತರಿಸುವುದು ರೂಢಿ. ಸೊಟ್ಟಗಿದ್ದ ಕಡೆ ಕೆಂಡದ ಮೇಲೆ ಸುಡದಂತೆ ಆಡಿಸಿ, ಬಿಸಿಯಿರುವಾಗಲೇ ಒತ್ತಿ ನೇರ ಮಾಡಿ, ಆರುವ ತನಕ ಬಿಡದೆ ಹಿಡಿಯಬೇಕು. ಬಿಸಿಗೆ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಮೆತ್ತಗಾಗುತ್ತದೆ, ಆರಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಗಿಣ್ಣುಗಳ ಉಬ್ಬನ್ನು ಮಾತ್ರ ಉಜ್ಜಿ ತೆಗೆಯಬೇಕು. ಗಿಣ್ಣುಗಳ ನಡುವಿನ ಸಿಪ್ಪೆಗೆ ಕತ್ತಿ ತಾಗಬಾರದು, ಏಕೆಂದರೆ ಬಿದಿರಿನ ನಾರು ದಟ್ಟವಾಗಿರುವುದೂ ಅದರ ಬಲವಿರುವುದೂ ಸಿಪ್ಪೆಗೆ ಅಂಟಿಕೊಂಡ ಪದರದಲ್ಲಿ. ಚೆಂದ ಕಾಣಲೆಂದು ಕೋಲನ್ನು ಪೂರ್ತಿ ಹೆರೆದವರು ಅದರ ಜೀವವನ್ನೇ ಹೆರೆದಂತೆ. ತುದಿ ಒಡೆಯದಿರಲು ಹಿತ್ತಾಳೆಯ ಅಣಸು ಹಾಕುತ್ತಾರೆ, ಒನಕೆಗೆ ಹಾಕುವ ಹಾಗೆ.

ಎಣ್ಣೆ ಹಾಕುವುದು ಇದರ ನಂತರ. ಮನೆಯಲ್ಲಿ ಯಾವುದಿದೆಯೋ ಅದನ್ನು ಸವರುವುದು ನಮ್ಮ ಅಭ್ಯಾಸ. ಎಣ್ಣೆಗಳ ಗುಣ ಒಂದೇ ಅಲ್ಲ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕೆಲವು ತಿಂಗಳಿಗೆ ಕಮಟು ಹಿಡಿಯುತ್ತದೆ. ಹರಳೆಣ್ಣೆಯೂ ಒಣಗದು, ತುಂಬ ಮಂದ, ಅಂಟು. ಅಗಸೆ ಎಣ್ಣೆ ಗಾಳಿಗೆ ಬಲಿತು ತೆಳ್ಳನೆಯ ಗಟ್ಟಿ ಪೊರೆಯಾಗುತ್ತದೆ. ಎಳ್ಳೆಣ್ಣೆ ಒಣಗುವ, ಒಣಗದ ಎಣ್ಣೆಗಳ ನಡುವಿನದು. ನನ್ನ ಆಯ್ಕೆ ಅಗಸೆ. ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಕಾವಿಗೆ ಆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ ಬಿಡಿಸಿ ಹರವಿ.

ಅಣಸು ಬಿಚ್ಚಿ ಕೋಲಿನ ಒಂದು ತುದಿಯನ್ನು ರಾತ್ರಿಯಿಡೀ ಎಣ್ಣೆಯ ಡಬ್ಬಿಯಲ್ಲಿ ನಿಲ್ಲಿಸಿ, ಮರುದಿನ ಇನ್ನೊಂದು ತುದಿ. ಗಿಣ್ಣುಗಳಿಗೆ ಬೆರಳಿನಿಂದ ತಿಕ್ಕಿ. ಉಳಿದ ಮೈಗೆ ಎಣ್ಣೆಬಟ್ಟೆಯಲ್ಲಿ ಒಮ್ಮೆ ಎಳೆದರೆ ಸಾಕು. ಒಂದೆರಡು ಗಂಟೆ ಬಿಟ್ಟು ಹೆಚ್ಚಾದದ್ದನ್ನೆಲ್ಲ ಒರೆಸಲೇಬೇಕು. ಕೆಜಿಎಫ್‌ನಲ್ಲಿ ಇದು ಇನ್ನೂ ಮುಖ್ಯ. ಗಾಳಿಗಾಲದಲ್ಲಿ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಏಳುವ ಬೂದು ಧೂಳು ಜಿಡ್ಡಿನ ಮೇಲೆ ಕೂತರೆ ಕೋಲು ಉಪ್ಪುಕಾಗದವಾಗುತ್ತದೆ, ಅಂಗೈ ಸುಲಿಯುತ್ತದೆ. ಯುಗಾದಿಗೆ ಮುಂಚೆ ಒಮ್ಮೆ, ಮಳೆಗಾಲ ಕಳೆದು ಆಯುಧಪೂಜೆಯ ಹೊತ್ತಿಗೆ ಇನ್ನೊಮ್ಮೆ ಹೀಗೆ ಮಾಡಿದರೆ ನಮ್ಮ ಕೋಲಾರದ ಒಣ ಹವೆಗೆ ಸಾಲುತ್ತದೆ. ಮಾರ್ಚಿಯಿಂದ ಮೇ ತನಕ ಇಲ್ಲಿನ ಗಾಳಿ ಬಿದಿರಿನ ತೇವವನ್ನು ತುದಿಗಳಿಂದಲೇ ಹೀರುತ್ತದೆ. ಬಿರುಕೂ ಅಲ್ಲಿಂದಲೇ ಶುರು. ತುದಿಗೆ ಎಣ್ಣೆ ಕುಡಿಸುವುದು ಆ ದಾರಿ ಮುಚ್ಚಲು.

ಇದೇ ಚಿಂತೆ ಜಪಾನಿನ ಕೆಂಡೊ ಕಲಿಯುವವರದ್ದೂ ಆಗಿದೆ. ಅವರ ಅಭ್ಯಾಸದ ಕತ್ತಿ ಶಿನಾಯಿ ಒಂದೇ ಗಳವಲ್ಲ, ಬಿದಿರಿನ ನಾಲ್ಕು ಸೀಳುಗಳನ್ನು ಹಿಡಿಯ ಹತ್ತಿರ ಚರ್ಮದ ಚೀಲದಲ್ಲಿ, ತುದಿಯಲ್ಲಿ ಚರ್ಮದ ಟೊಪ್ಪಿಗೆಯಲ್ಲಿ ಸೇರಿಸಿ ದಾರದಿಂದ ಬಿಗಿದದ್ದು. ವಯಸ್ಕ ಗಂಡಸರ ಪಂದ್ಯದಲ್ಲಿ ಉದ್ದ 120 ಸೆಂಟಿಮೀಟರ್ ಮೀರಬಾರದು, ತೂಕ 510 ಗ್ರಾಮಿಗಿಂತ ಕಡಿಮೆಯಾಗಬಾರದು. 18ನೇ ಶತಮಾನದ ಆರಂಭದಲ್ಲಿ ನಾಗನುಮಾ ಕುನಿಸಾತೊ ಎಂಬ ಗುರು ಮುಖಕವಚ, ಕೈಗವಚಗಳನ್ನು ಸುಧಾರಿಸಿ ಶಿನಾಯಿಯಿಂದ ಪೂರ್ಣ ಬಲದ ಹೊಡೆತಗಳನ್ನು ಅಭ್ಯಾಸ ಮಾಡುವ ಕ್ರಮ ತಂದರು. ಶಿನಾಯಿಯ ಹಗ್ಗ ಸಡಿಲಿಸಿ, ಸೀಳುಗಳನ್ನು ಬಿಡಿಸಿ, ಅಂಚುಗಳನ್ನು ಉಜ್ಜಿ, ಎಣ್ಣೆ ಹಚ್ಚಿ, ಅದೇ ಕ್ರಮದಲ್ಲಿ ಮತ್ತೆ ಕಟ್ಟುವುದು ಅಲ್ಲಿ ಪ್ರತಿ ವಿದ್ಯಾರ್ಥಿಯ ಸ್ವಂತ ಕೆಲಸ. ಅಭ್ಯಾಸಕ್ಕೆ ಮುಂಚೆ ಸಿಬಿರು ಎದ್ದಿದೆಯೇ ಎಂದು ನೋಡದೆ ಯಾರೂ ಅಂಕಣಕ್ಕೆ ಇಳಿಯುವಂತಿಲ್ಲ. ಮುಖಕವಚದ ಲೋಹದ ಸರಳುಗಳ ಸಂದಿಯಲ್ಲಿ ಒಂದು ಸಿಬಿರು ನುಸುಳಿದರೂ ಕಣ್ಣು ಹೋಗುತ್ತದೆ. ಕವಚವಿದ್ದವರಿಗೇ ಇಷ್ಟು ಎಚ್ಚರ. ಹಳ್ಳಿಯ ಬಯಲಲ್ಲಿ ಕವಚವಿಲ್ಲದೆ ಬನಿಯನ್ನಿನಲ್ಲಿ ಕೋಲು ಹಿಡಿಯುವ ನಮ್ಮ ಮಕ್ಕಳಿಗೆ ಎಷ್ಟು ಬೇಕು!

ಪರೀಕ್ಷೆ ಸುಲಭ. ಒಂದು ಹಿಡಿ ಹತ್ತಿಯನ್ನು ಕೋಲಿನ ಉದ್ದಕ್ಕೂ ಸವರಿ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಸಿಬಿರಿದೆ. ಮೇಲ್ಮೈಯ ಸಣ್ಣ ಸಿಬಿರನ್ನು ಬ್ಲೇಡಿನಲ್ಲಿ ಕಿತ್ತು, ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆ ಮುಟ್ಟಿಸಬಹುದು. ಸೀಳು ಉದ್ದಕ್ಕೆ ಹೋಗಿದ್ದರೆ ತಂತಿ ಸುತ್ತಿ, ಟೇಪು ಅಂಟಿಸಿ ಜೊತೆಗಾರನ ಎದುರು ತರುವುದು ತಪ್ಪು. ಆ ಕೋಲು ಹೊಲಕ್ಕೆ ಹೋಗಲಿ, ಟೊಮೆಟೊ ಬಳ್ಳಿಗೆ ಆಸರೆಯಾಗಲಿ. ಚಿಕ್ಕ ಮಕ್ಕಳಿಗೆ ಮೊದಲ ವರ್ಷ ಬೆತ್ತವೇ ಒಳ್ಳೆಯದು. ಬೆತ್ತ ನಾರುನಾರಾಗಿ ಸವೆಯುತ್ತದೆ, ಬಿದಿರಿನಂತೆ ಚೂರಿಯಾಗಿ ಸೀಳುವುದಿಲ್ಲ.

ಈಗ ಅಂಗಡಿಗಳಲ್ಲಿ ವಾರ್ನಿಷ್ ಬಳಿದ ಸಿದ್ಧ ಕೋಲುಗಳು ಸಿಗುತ್ತವೆ. ಹೊಳಪು ನೋಡಿ ಕೊಳ್ಳಬೇಡಿ. ವಾರ್ನಿಷ್ ಕೂದಲೆಳೆಯ ಬಿರುಕನ್ನು ಮುಚ್ಚುತ್ತದೆ, ತುದಿಗಳಲ್ಲೂ ಎಣ್ಣೆ ಇಳಿಯದಂತೆ ತಡೆಯುತ್ತದೆ. ಕೊಂಡದ್ದೇ ಆದರೆ ಎರಡು ತುದಿಗಳ ವಾರ್ನಿಷನ್ನು ಉಪ್ಪುಕಾಗದದಿಂದ ಉಜ್ಜಿ, ಬಿಳಿ ಬಿದಿರು ಕಾಣುವ ತನಕ ತೆಗೆದು, ಅಗಸೆ ಎಣ್ಣೆಯಲ್ಲಿ ನಿಲ್ಲಿಸಿ. ಯಾವ ಕೋಲನ್ನೂ ಗೋಡೆಗೆ ಓರೆಯಾಗಿ ಒರಗಿಸಿಡಬೇಡಿ, ಬಾಗುತ್ತದೆ. ಒಲೆಯಿಂದಲೂ ಬಿಸಿಲು ಬೀಳುವ ಕಿಟಕಿಯಿಂದಲೂ ದೂರ, ಸೂರಿನಡಿ ಎರಡು ಗೂಟಗಳ ಮೇಲೆ ಅಡ್ಡ ಮಲಗಿಸಿಡಿ.